ಎಂಟನೆಯ ಬಾಯಿ

ಗೆಳೆಯಾ,

ನಿನ್ನ ತಂಗಿಯ ಕೈ ಹಿಡಿದ ದಿನದಿಂದ ನಿನ್ನನ್ನು ಭಾವ ಎನ್ನಬೇಕಿತ್ತು. ಹನ್ನೊಂದು ವರ್ಷವಾದರೂ ನಾಲಿಗೆ ಹೊರಳಲಿಲ್ಲ. ಒಂದೇ ಬೆಂಚಿನಲ್ಲಿ ಕೂತು, ಒಂದೇ ಪೆನ್ಸಿಲನ್ನು ಮುರಿದು ಎರಡು ಮಾಡಿಕೊಂಡವನನ್ನು ಏಕಾಏಕಿ ಭಾವ ಎಂದು ಕರೆಯುವುದು ಹೇಗೆ? ಅದಕ್ಕೇ ಇವತ್ತೂ ಹಳೆಯ ಹಾಗೇ ಶುರು ಮಾಡಿದ್ದೇನೆ. ಓದಿ ಮುಗಿಸಿದ ಮೇಲೆ ನನ್ನನ್ನು ಏನೆಂದು ನೆನೆಯುತ್ತೀಯೋ, ಅದು ನಿನಗೆ ಬಿಟ್ಟದ್ದು.

ಅಕ್ಷರ ನೋಡಿ ಗಾಬರಿಯಾಗಬೇಡ. ಈ ಪತ್ರ ಹಿಡಿದು ಇವತ್ತಿಗೆ ಆರು ದಿನ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ಕಿಟಕಿಯ ಬಿಸಿಲು ಮಂಚದ ಕಾಲಿನ ತನಕ ಬಂದಿರುವಾಗ, ಉಸಿರು ಸ್ವಲ್ಪ ಮಾತು ಕೇಳುತ್ತದೆ. ಆಗ ನಾಲ್ಕು ಸಾಲು ಬರೆದು ಮಲಗುತ್ತೇನೆ. ಮೂಗಿಗೆ ನಳಿಗೆ ಸಿಕ್ಕಿಸಿದ್ದಾರೆ. ಪಕ್ಕದಲ್ಲಿ ಆಮ್ಲಜನಕದ ಯಂತ್ರ, ಹಳೆಯ ಫ್ರಿಜ್ಜಿನ ಹಾಗೆ ಗುರುಗುಟ್ಟುತ್ತಿರುತ್ತದೆ. ನಿನ್ನ ಸೋದರಸೊಸೆ, ನನ್ನ ಮಗಳು, ಅದಕ್ಕೆ ಅಜ್ಜ ಎಂದು ಹೆಸರಿಟ್ಟಿದ್ದಾಳೆ. ಮೂಲೆಯಲ್ಲಿ ಕೂತು ಇಡೀ ದಿನ ಗೊಣಗುತ್ತದಲ್ಲ, ಅದಕ್ಕಂತೆ. ಶಾಲೆಯಿಂದ ಬಂದವಳು ಮೊದಲು ಅಜ್ಜನ ತಲೆ ಸವರುತ್ತಾಳೆ, ಆಮೇಲೆ ನನ್ನ ಕಡೆ ನೋಡುತ್ತಾಳೆ. ಇತ್ತೀಚೆಗೆ ನನ್ನನ್ನು ನೇರವಾಗಿ ನೋಡಲು ಅವಳಿಗೆ ಭಯ.

ನೀನು ಕಡೆಯ ಸಲ ಬಂದದ್ದು ಒಂದೂವರೆ ವರ್ಷದ ಹಿಂದೆ. ಆಗ ಬರೀ ಕೆಮ್ಮು. ಮೂರು ಮಹಡಿ ಇಳಿದು ನಿನ್ನನ್ನು ಬಸ್ಸು ಹತ್ತಿಸಿ ಬಂದಿದ್ದೆ. ಆಮೇಲೆ ನಿನಗೆ ದೂರದ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿತು. ಫೋನು ಮಾಡಿದಾಗೆಲ್ಲ ಒಂದೇ ಮಾತು: "ಮೀಟಿಂಗಲ್ಲಿದೀನಿ ಕಣೋ, ಆಮೇಲೆ ಮಾಡ್ತೀನಿ." ಆ ಆಮೇಲೆ ಇನ್ನೂ ಬಂದಿಲ್ಲ. ಮೊದಮೊದಲು ನಿನ್ನ ತಂಗಿ, "ಅಣ್ಣಂಗೆ ಪಾಪ ಎಷ್ಟು ಕೆಲಸವೋ" ಎನ್ನುತ್ತಿದ್ದಳು. ಈಗ ಏನೂ ಅನ್ನುವುದಿಲ್ಲ.

ಕಾಯಿಲೆಯ ಹೆಸರು ನಿನಗೆ ಗೊತ್ತು, ಹಾಗಾಗಿ ಬರೆಯುವುದಿಲ್ಲ. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಇದೆಲ್ಲ ಕಲ್ಲು. ನಿಮ್ಮ ಎದೆಯೊಳಗೆ ಕಲ್ಲಿನ ಪುಡಿ ಗಂಟು ಕಟ್ಟಿದೆ," ಎಂದರು. ಕಡಿಮೆಯಾಗುತ್ತದಾ ಎಂದು ಇವಳು ಕೇಳಿದಳು. "ಒಂದು ಸಲ ಗಟ್ಟಿಯಾದದ್ದು ಮತ್ತೆ ಮೆತ್ತಗಾಗಲ್ಲಮ್ಮ" ಎಂದು ಅವರು ಕನ್ನಡಕ ಒರೆಸಿಕೊಂಡರು. ಒಳ್ಳೆಯ ಮನುಷ್ಯ. ಸುಳ್ಳು ಹೇಳಲು ಬರುವುದಿಲ್ಲ.

ಕಾರ್ಖಾನೆಯನ್ನು ನೀನು ಮರೆತಿರಲಾರೆ, ಆದರೂ ನಾನು ನೋಡಿದ ಹಾಗೆ ಒಂದು ಸಲ ಹೇಳಬೇಕು. ನೀನು ಅದನ್ನು ಕಾಗದದ ಮೇಲೆ ನೋಡಿದವನು, ನಾನು ಅದರ ಕೆಳಗೆ ನಿಂತವನು. ಅಡುಗೆಮನೆಯ ಕಟ್ಟೆಗೆ ಹಾಸುವ ಕೃತಕ ಕಲ್ಲನ್ನು ನಾವು ಕೊಯ್ದು, ಅಂಚು ಉಜ್ಜಿ, ನುಣುಪು ಮಾಡುತ್ತಿದ್ದೆವು. ಮೊದಲು ಆರು ಮೇಜು. ಪ್ರತಿ ಮೇಜಿನ ಮೇಲೂ ತಗಡಿನ ಒಂದು ಬಾಯಿ, ಉಜ್ಜುವಾಗ ಏಳುವ ಪುಡಿಯನ್ನು ಹೀರಿಕೊಳ್ಳಲು. ಬಾಯಿಯಿಂದ ಒಂದು ಸಣ್ಣ ಪೈಪು ಮೇಲೆ ಹೋಗಿ, ಮಾಡಿನ ಕೆಳಗೆ ಉದ್ದಕ್ಕೆ ಮಲಗಿದ ದೊಡ್ಡ ಪೈಪನ್ನು ಸೇರುತ್ತಿತ್ತು. ಎಲ್ಲವನ್ನೂ ಎಳೆಯುವ ಫ್ಯಾನು ಹಿಂದಿನ ಗೋಡೆಯ ಆಚೆ. ಒಂದನೆಯ ಮೇಜು ಫ್ಯಾನಿನ ಪಕ್ಕ, ಆರನೆಯದು ದೂರ. ಪೈಪಿನ ಲೆಕ್ಕ ಹಾಕಿದವನು ನೀನು, ನೀನೇ ನಿಂತು ಕೂರಿಸಿದ್ದೆ. ಮೊದಲ ದಿನ ಒಂದೊಂದೇ ಬಾಯಿಯ ಹತ್ತಿರ ಕಾಗದದ ಚೂರು ಹಿಡಿದೆ. ಆರೂ ಬಾಯಿ ಅದನ್ನು ಚಟಕ್ಕೆಂದು ಎಳೆದುಕೊಂಡವು. ಕೆಲಸಗಾರರೆಲ್ಲ ಚಪ್ಪಾಳೆ ಹೊಡೆದರು. ನಾನು ಮೂರನೆಯ ಮೇಜಿನವನು, ಎಲ್ಲರಿಗಿಂತ ಜೋರಾಗಿ ಹೊಡೆದೆ. ನನ್ನ ಗೆಳೆಯನ ಪೈಪು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಎರಡು ವರ್ಷದ ಮೇಲೆ ಬೇಡಿಕೆ ಹೆಚ್ಚಿತು. ಯಜಮಾನರು ಆ ಕೊನೆಯಲ್ಲಿ ಇನ್ನೆರಡು ಮೇಜು ಹಾಕಿಸಿದರು, ಏಳು ಮತ್ತು ಎಂಟು. ದೊಡ್ಡ ಪೈಪನ್ನು ಅಷ್ಟೇ ದಪ್ಪದಲ್ಲಿ ಮುಂದಕ್ಕೆ ಎಳೆದು ಎರಡು ಬಾಯಿ ಜೋಡಿಸಿದರು. ಫ್ಯಾನು ಅದೇ. ಎಂಟನೆಯದು ಕಿಟಕಿಯ ಪಕ್ಕ, ಬೆಳಕು ಚೆನ್ನಾಗಿತ್ತು. ಹೊಸ ಯಂತ್ರ. ನನಗೆ ಆಸೆಯಾಯಿತು, ಕೇಳಿ ಪಡೆದುಕೊಂಡೆ.

ಏಳನೆಯ ಮೇಜಿಗೆ ಬಂದವನನ್ನು ನೀನು ನೋಡಿದ್ದೀಯ. ಎಲ್ಲರೂ ಅವನನ್ನು ಗಡಿಯಾರ ಎನ್ನುತ್ತಿದ್ದರು. ಕೈಯಲ್ಲಿ ಅಂಗೈಯಗಲದ ವಾಚು ಕಟ್ಟಿಕೊಂಡು, ಊಟದ ಗಂಟೆ ಬಾರಿಸುವ ಮೊದಲೇ "ಇನ್ನೆರಡು ನಿಮಿಷ" ಎಂದು ಕೂಗುತ್ತಿದ್ದವನು. ನನಗಿಂತ ಎಂಟು ವರ್ಷಕ್ಕೆ ದೊಡ್ಡವನು, ನಾನು ಅಣ್ಣ ಎನ್ನುತ್ತಿದ್ದೆ. ನಮ್ಮಿಬ್ಬರ ಬಾಯಿಯೂ ಸರಿಯಾಗಿ ಎಳೆಯುವುದಿಲ್ಲ ಎಂದು ಮೊದಲು ಕಂಡುಹಿಡಿದವನು ಅವನೇ. ಸಂಜೆಯ ಹೊತ್ತಿಗೆ ಒಂದನೆಯ ಮೇಜಿನವನ ಹುಬ್ಬು ಕಪ್ಪಗೇ ಇರುತ್ತಿತ್ತು, ನಮ್ಮ ಹುಬ್ಬು ಬೆಳ್ಳಗೆ. "ನೋಡೋ, ಅರ್ಧ ದಿನದಲ್ಲಿ ನಮಗೆ ಮುಪ್ಪು ಬಂತು" ಎಂದು ನಗುತ್ತಿದ್ದ.

ನಾನು ನಿನಗೆ ಫೋನು ಮಾಡಿದ್ದೆ. ನೆನಪಿದೆಯಾ? "ಎಂಟನೇದು ಎಳೀತಿಲ್ಲ ಕಣೋ" ಎಂದೆ. ನೀನು, "ಬೇರೆಯವರು ಕೆಲಸ ಇಲ್ಲದಾಗ ಅವರ ಬಾಯಿ ಮುಚ್ಚೋಕೆ ಹೇಳು, ಸರಿಹೋಗುತ್ತೆ" ಎಂದೆ. ಪ್ರತಿ ಬಾಯಿಗೂ ಜಾರಿಸುವ ಒಂದು ತಗಡು ಇತ್ತಲ್ಲ, ಅದನ್ನು. ಆದರೆ ಯಾರಿಗೆ ಕೆಲಸ ಇರಲಿಲ್ಲ ಹೇಳು? ಎಂಟು ಮೇಜೂ ಬೆಳಗಿನಿಂದ ಸಂಜೆಯ ತನಕ ಉಜ್ಜುತ್ತಲೇ ಇದ್ದವು. ಒಂದನೆಯವನ ಹತ್ತಿರ ಹೋಗಿ ಸ್ವಲ್ಪ ಮುಚ್ಚಪ್ಪ ಎಂದರೆ, "ಯಾಕೆ, ನಿನ್ನ ಪುಡಿ ನಾನು ಕುಡೀಬೇಕಾ?" ಎಂದ. ಅವನದೇನೂ ತಪ್ಪಿರಲಿಲ್ಲ.

ಆಗ ಗಡಿಯಾರದಣ್ಣ ಒಂದು ಉಪಾಯ ಮಾಡಿದ. "ನಾವಿಬ್ಬರೇ ಹಂಚಿಕೊಳ್ಳೋಣ ಬಿಡು. ಊಟದ ತನಕ ನನ್ನದು ಮುಚ್ಚಿರ್ತೀನಿ, ನಿನಗೆ ಎಳೆಯಲಿ. ಊಟ ಆದಮೇಲೆ ನೀನು ಮುಚ್ಚು." ವಾಚು ನೋಡಿಕೊಂಡೇ ಮುಚ್ಚುತ್ತಿದ್ದ, ವಾಚು ನೋಡಿಕೊಂಡೇ ತೆಗೆಯುತ್ತಿದ್ದ. ಒಂದು ನಿಮಿಷವೂ ಆಚೀಚೆಯಿಲ್ಲ. ಆದರೆ ಎಷ್ಟೋ ದಿನ ಊಟವಾದ ಮೇಲೂ ತನ್ನದನ್ನು ತೆಗೆಯುತ್ತಲೇ ಇರಲಿಲ್ಲ. ಕೇಳಿದರೆ, "ನಿನಗೆ ಚಿಕ್ಕ ಮಗಳಿದಾಳೆ. ನನ್ನ ಮಕ್ಕಳು ಆಗಲೇ ದೊಡ್ಡವರಾದರು" ಎನ್ನುತ್ತಿದ್ದ. ಹೀಗೆ ಎರಡೂವರೆ ವರ್ಷ ನಡೆಯಿತು.

ಇಬ್ಬರೂ ಕಾಯಿಲೆ ಬಿದ್ದ ಮೇಲೆ ಒಂದು ದಿನ ಅವನು ನನ್ನನ್ನು ನೋಡಲೆಂದು ಬಂದಿದ್ದ. ಎರಡನೆಯ ಮಹಡಿಯ ತಿರುವಿನ ತನಕ ಹತ್ತಿ ಕೂತುಬಿಟ್ಟ. ಮುಂದೆ ಆಗಲಿಲ್ಲ. ನಾನು ಇಳಿಯುವಂತಿರಲಿಲ್ಲ. ನಿನ್ನ ತಂಗಿಯೇ ಮೇಲೆ ಕೆಳಗೆ ಓಡಾಡಿ ಅವನ ಮಾತು ನನಗೆ, ನನ್ನ ಮಾತು ಅವನಿಗೆ ಮುಟ್ಟಿಸಿದಳು. "ಇಲ್ಲೇ ಕೂತಿದೀನಿ, ಮೇಲೆ ಬಂದೆ ಅಂತಲೇ ಅಂದ್ಕೋ" ಎಂದು ಹೇಳಿಕಳಿಸಿದ. ನಮ್ಮಿಬ್ಬರ ನಡುವೆ ಹದಿನೆಂಟು ಮೆಟ್ಟಿಲು. ಮೂರು ತಿಂಗಳ ಬಳಿಕ ಅವನು ಹೋದ. ಅವನ ಮುಖವನ್ನು ಕೊನೆಗೂ ನೋಡಲಾಗಲಿಲ್ಲ.

ಅವನ ಹೆಂಡತಿ ಕಾರ್ಖಾನೆಗಳ ಇಲಾಖೆಗೆ ಅರ್ಜಿ ಕೊಟ್ಟಳು. ಅದರಿಂದ ತನಿಖೆ ಶುರುವಾಯಿತು. ಒಬ್ಬ ಅಧಿಕಾರಿ ಮೇಡಂ ನನ್ನ ಹೇಳಿಕೆ ಬರೆದುಕೊಳ್ಳಲು ಮನೆಗೇ ಬಂದರು. ಮೂರು ಮಹಡಿ ಹತ್ತಿದ್ದಕ್ಕೆ ಅವರಿಗೂ ಏದುಸಿರು. ನನ್ನೆದುರು ಏದುಸಿರು ಬಿಟ್ಟದ್ದಕ್ಕೆ ಅವರೇ ನಾಚಿಕೊಂಡರು. ಯಜಮಾನರ ಕಡೆಯವರು ಎರಡು ಕಾಗದ ಕೊಟ್ಟಿದ್ದರಂತೆ. ಒಂದರಲ್ಲಿ, ಕೆಲಸಗಾರರು ಮಾಸ್ಕ್ ಸರಿಯಾಗಿ ಹಾಕಿಕೊಳ್ಳುತ್ತಿರಲಿಲ್ಲ ಎಂದು. ಇನ್ನೊಂದರಲ್ಲಿ ಪೈಪಿನ ಗಾಳಿಯ ಲೆಕ್ಕ, ಎಲ್ಲ ಬಾಯಿಗೂ ಸಾಕಷ್ಟು ಎಳೆತವಿದೆ ಎಂದು, ಕೆಳಗೆ ನಿನ್ನ ಸಹಿ. ಎಳೆಯುತ್ತಿರಲಿಲ್ಲ ಮೇಡಂ, ನನ್ನ ಎದೆ ನೋಡಿ ಎಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ, "ನಿಮ್ಮ ಕೆಮ್ಮನ್ನ ನಾನು ಫೈಲಿಗೆ ಹಾಕೋಕಾಗಲ್ಲಪ್ಪ. ಲೆಕ್ಕ ತಪ್ಪಿದ್ದರೆ ಎಲ್ಲಿ ತಪ್ಪಿದೆ ಅಂತ ಯಾರಾದರೂ ತೋರಿಸಬೇಕು" ಎಂದರು. ಅಷ್ಟರಲ್ಲಿ ಪೈಪನ್ನು ಬಿಚ್ಚಿಯಾಗಿತ್ತು, ಅಳೆದು ನೋಡಲು ಏನೂ ಉಳಿದಿರಲಿಲ್ಲ.

ನಿನ್ನ ಲೆಕ್ಕ ತಪ್ಪಿರಲಾರದು ಎಂದೇ ನಾನು ನಂಬಿದ್ದೆ, ಇದನ್ನು ನೀನು ನಂಬಬೇಕು. ಆಮೇಲೆ ಪೈಪು ಮುಂದಕ್ಕೆ ಎಳೆದವರು ಏನೋ ಎಡವಟ್ಟು ಮಾಡಿದ್ದಾರೆ, ಅದು ನಿನ್ನ ಲೆಕ್ಕದಿಂದಲೇ ಗೊತ್ತಾಗುತ್ತದೆ, ನಿನ್ನ ಮೇಲಿನ ಮಾತು ತೊಳೆದುಹೋಗುತ್ತದೆ ಎಂದುಕೊಂಡು ಕೆಲಸಕ್ಕೆ ಕೂತೆ. ಗಣಿತದಲ್ಲಿ ನಾನು ಎಂಥವನೆಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಪರೀಕ್ಷೆಯಲ್ಲಿ ನಿನ್ನ ಉತ್ತರ ನಕಲು ಮಾಡುವಾಗಲೂ ತಪ್ಪು ಮಾಡಿದವನು! ನಿನ್ನ ಹಳೆಯ ಪುಸ್ತಕಗಳ ಟ್ರಂಕು ನಮ್ಮ ಅಟ್ಟದ ಮೇಲೇ ಇತ್ತಲ್ಲ. ಅದರಿಂದ ಇವಳು ನಿನ್ನ ಕೆಂಪು ನೋಟುಪುಸ್ತಕ ತೆಗೆದುಕೊಟ್ಟಳು, ಸಂಜೆ ಕಾಲೇಜಿನಲ್ಲಿ ಓದುವಾಗ ಅರ್ಥವಾಗಲೆಂದು ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡದ್ದು. ಅದೊಂದು ಇಲ್ಲದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ, ಆದರೂ ಕೇಳು. ಕಲಿಸಿದವನಿಗೆ ಪಾಠ ಒಪ್ಪಿಸಬೇಕಲ್ಲ. ಫ್ಯಾನು ಇಷ್ಟು ಗಾಳಿ ಎಳೆಯುತ್ತದೆ, ಎಂಟು ಬಾಯಿ ಇದೆ, ಎಂಟರಿಂದ ಭಾಗಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಮೊದಲ ಪುಟದಲ್ಲೇ ನೀನು ಬೈದಿದ್ದೀಯ: "ಗಾಳಿಗೆ ನ್ಯಾಯ ಗೊತ್ತಿಲ್ಲ, ಅದಕ್ಕೆ ಸುಲಭದ ದಾರಿ ಮಾತ್ರ ಗೊತ್ತು." ಹರಿವು ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ಎರಡು ಪೈಪು ಕೂಡುವ ಕಡೆ ಎರಡರ ಎಳೆತವೂ ಒಂದೇ ಆಗಿರಬೇಕು. ಇಷ್ಟು ತಲೆಗೆ ಹೋಗಲು ನನಗೆ ಮೂರು ವಾರ ಹಿಡಿಯಿತು.

ಆಮೇಲೆ ಲೆಕ್ಕ. ಪೈಪಿನ ಉದ್ದ, ದಪ್ಪ, ಫ್ಯಾನಿನ ಮೇಲೆ ಬರೆದಿದ್ದ ಅಂಕಿ, ಎಲ್ಲ ವರ್ಷಗಟ್ಟಲೆ ನೋಡಿ ನನಗೆ ಬಾಯಿಪಾಠವಾಗಿತ್ತು. ಎಲ್ಲಕ್ಕಿಂತ ದೂರದ ಬಾಯಿಯಿಂದ ಶುರು ಮಾಡಬೇಕು. ಎಂಟನೆಯದಕ್ಕೆ ಇಷ್ಟು ಗಾಳಿ ಬರುತ್ತದೆ ಎಂದು ಒಂದು ಊಹೆ. ಅಷ್ಟು ಬರಬೇಕಾದರೆ ಏಳನೆಯದು ಸೇರುವ ಕಡೆ ಎಳೆತ ಎಷ್ಟಿರಬೇಕು? ಅಷ್ಟು ಎಳೆತಕ್ಕೆ ಏಳನೆಯದು ಎಷ್ಟು ಗಾಳಿ ತರುತ್ತದೆ? ಎರಡನ್ನೂ ಕೂಡಿಸಿ ಆರಕ್ಕೆ ಬಾ. ಹೀಗೆ ಒಂದೊಂದೇ ಬಾಯಿ ಸೇರಿಸಿಕೊಳ್ಳುತ್ತಾ ಫ್ಯಾನಿನ ತನಕ ಬಂದಾಗ, ಫ್ಯಾನು ಅಷ್ಟನ್ನು ಎಳೆಯಬಲ್ಲುದಾ ನೋಡು. ಆಗದಿದ್ದರೆ ಊಹೆ ತಪ್ಪು, ಮತ್ತೆ ಎಂಟಕ್ಕೆ ಹಿಂತಿರುಗು. ಒಂದು ಸಲ ಎಂಟರಿಂದ ಒಂದಕ್ಕೆ ಬರಲು ನನಗೆ ನಾಲ್ಕು ದಿನ ಬೇಕಾಗುತ್ತಿತ್ತು. ನಿನ್ನ ತಂಗಿ ಪಾರ್ಸೆಲ್ ಆಫೀಸಿನಿಂದ ಬಂದು, ಕೈಕಾಲು ತೊಳೆದು, ಕ್ಯಾಲ್ಕುಲೇಟರ್ ಹಿಡಿದು ಮಂಚದ ತುದಿಯಲ್ಲಿ ಕೂರುತ್ತಿದ್ದಳು. ನಾನು ಅಂಕಿ ಹೇಳುವುದು, ಅವಳು ಒತ್ತುವುದು. ಇಡೀ ದಿನ ಪೊಟ್ಟಣ ತೂಗುವ ಕೈ, ಅಂಕಿಯಲ್ಲಿ ತಪ್ಪಾಗುವುದಿಲ್ಲ. "ನಿಮಗಿಂತ ಅಣ್ಣನೇ ವಾಸಿ, ಬೇಗ ಹೇಳ್ತಿದ್ದ" ಎಂದು ರೇಗಿಸುತ್ತಿದ್ದಳು. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ನಗು ಇತ್ತು.

ಪ್ರತಿ ಬಾಯಿಗೂ ನಿಮಿಷಕ್ಕೆ ಹದಿನಾರು ಘನ ಮೀಟರ್ ಗಾಳಿ ಬೇಕು ಎಂದು ನಿನ್ನ ಪುಸ್ತಕದಲ್ಲೇ ಇತ್ತು, ಕಲ್ಲಿನ ಪುಡಿಗೆ ಅದಕ್ಕಿಂತ ಕಡಿಮೆ ಆಗದು ಎಂದು ಅಡಿಗೆರೆ ಎಳೆದು. ಎಂಟನೆಯದಕ್ಕೆ ಹದಿನಾರು ಎಂದು ಊಹಿಸಿ ಹೊರಟೆ. ಒಂದಕ್ಕೆ ಬರುವಷ್ಟರಲ್ಲಿ ಆ ಫ್ಯಾನಿನಂಥ ಎರಡು ಫ್ಯಾನು ಬೇಕಾಯಿತು. ಹನ್ನೆರಡು ಹಿಡಿದೆ, ಆಗಲಿಲ್ಲ. ಒಂಬತ್ತಕ್ಕೂ ಆಗಲಿಲ್ಲ. ಏಳಕ್ಕೆ ಇಳಿದಾಗ ಫ್ಯಾನಿನ ಲೆಕ್ಕ ತಾಳೆಯಾಯಿತು. ಒಂದನೆಯ ಬಾಯಿಗೆ ಹತ್ತೊಂಬತ್ತು, ಎಂಟನೆಯದಕ್ಕೆ ಏಳು. ಬೇಕಾದ್ದರಲ್ಲಿ ಅರ್ಧವೂ ಇಲ್ಲ.

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಗಡಿಯಾರದಣ್ಣ ಅಡ್ಡ ಬಂದ. ಅವನು ಏಳನೆಯದನ್ನು ಮುಚ್ಚಿದಾಗ ನನಗೆಷ್ಟು ಹೆಚ್ಚು ಬರುತ್ತಿತ್ತು, ಅದನ್ನೂ ನೋಡಿಬಿಡೋಣ ಎನಿಸಿತು. ಅವನಿಂದ ಎಷ್ಟು ಪಡೆದಿದ್ದೇನೆ ಎಂದು ತಿಳಿದುಕೊಳ್ಳುವ ಆಸೆ. ಮತ್ತೆ ಎರಡು ವಾರ ಕೂತೆವು. ಏಳು ಇದ್ದದ್ದು ಏಳೂ ಮುಕ್ಕಾಲು ಆಯಿತು. ಎರಡು ಸಲ, ಮೂರು ಸಲ ಮಾಡಿಸಿದೆ. ಏಳೂ ಮುಕ್ಕಾಲೇ. ಅವನು ಮುಚ್ಚಿ ಉಳಿಸಿದ ಗಾಳಿಯನ್ನು ಒಂದರಿಂದ ಆರರವರೆಗಿನ ಬಾಯಿಗಳು ದಾರಿಯಲ್ಲೇ ಹಂಚಿಕೊಳ್ಳುತ್ತಿದ್ದವು. ನನಗೆ ಬಂದದ್ದು ಮುಕ್ಕಾಲು. ಆ ಮುಕ್ಕಾಲಿಗಾಗಿ ಅವನು ಎರಡೂವರೆ ವರ್ಷ, ದಿನಕ್ಕೆ ಅರ್ಧ ದಿನ, ಎಷ್ಟೋ ಸಲ ಇಡೀ ದಿನ, ಮುಚ್ಚಿದ ಬಾಯಿಯ ಕೆಳಗೆ ನಿಂತು ಪುಡಿ ಕುಡಿದ. ಫ್ಯಾನಿನ ಹತ್ತಿರದ ಎರಡು ಬಾಯಿಗಳನ್ನು ಅರ್ಧ ಮುಚ್ಚಿದ್ದರೂ ನಮಗೆ ಅದಕ್ಕಿಂತ ಹೆಚ್ಚು ಬರುತ್ತಿತ್ತು. ನಮಗದು ಗೊತ್ತಿರಲಿಲ್ಲ. ಹೇಳುವವರು ಯಾರೂ ಇರಲಿಲ್ಲ.

ಆ ದಿನ ನಾನು ಊಟ ಮಾಡಲಿಲ್ಲ. ಅವನ ಹೆಂಡತಿ ಮರುದಿನ ಬಂದಿದ್ದಳು. "ನಮ್ಮೆಜಮಾನ್ರು ಹೋಗೋ ಮುಂಚೆ ಹೇಳ್ತಿದ್ರು, ನಾನು ಮುಚ್ಚಿದ್ದಕ್ಕೆ ಅವನಾದರೂ ಉಳಕೊಂಡ ಅಂತ" ಎಂದಳು. ನಾನು ತಲೆಯಾಡಿಸಿದೆ. ಹೌದಮ್ಮ, ಅವನಿಂದಲೇ ಉಳಿದೆ ಎಂದೆ. ಇದುವರೆಗೆ ನಾನು ಹೇಳಿದ ಸುಳ್ಳುಗಳಲ್ಲಿ ಇಷ್ಟು ಭಾರದ್ದು ಬೇರೊಂದಿಲ್ಲ.

ಈಗ ನಿನ್ನ ವಿಷಯ.

ಏಳು ಎಂಬ ನನ್ನ ಉತ್ತರ ಸರಿಯೋ ತಪ್ಪೋ ಯಾರನ್ನು ಕೇಳಲಿ? ಆ ಕಾರ್ಖಾನೆಯ ಕೆಲಸದ ಪುಸ್ತಕವೂ ಟ್ರಂಕಿನಲ್ಲಿರಬಹುದು, ಅಣ್ಣನ ಲೆಕ್ಕದ ಪಕ್ಕ ನಮ್ಮದನ್ನು ಇಟ್ಟು ನೋಡೋಣ ಎಂದು ಇವಳೇ ಹೇಳಿದಳು. ಭಾನುವಾರ ಮಧ್ಯಾಹ್ನ. ಸ್ಟೂಲಿನ ಮೇಲೆ ನಿಂತು ಅಟ್ಟ ತಡಕಾಡಿ, ತಳದಿಂದ ನೀಲಿ ರಟ್ಟಿನ ಪುಸ್ತಕವೊಂದನ್ನು ತಂದಳು. ನಿಂತಲ್ಲೇ ಪುಟ ತಿರುವುತ್ತಾ, ಮಕ್ಕಳ ಹಾಗೆ ಕೂಗಿದಳು: "ರೀ, ಇಲ್ಲಿದೆ ನೋಡಿ ನಿಮ್ಮ ಏಳು! ಸರಿಯಾಗಿ ಏಳೇ!"

ನನಗೆ ಎಷ್ಟು ಸಂತೋಷವಾಯಿತೆಂದರೆ, ಕೆಮ್ಮು ಬಂತು. ಬದುಕಿನಲ್ಲಿ ಮೊದಲ ಸಲ ನಿನ್ನ ಉತ್ತರ ನೋಡದೆ ನಿನ್ನದೇ ಉತ್ತರ ಬಂದಿತ್ತು. ಆ ಸಂತೋಷ ಅರ್ಧ ನಿಮಿಷವೂ ಇರಲಿಲ್ಲ. ನೀನು ಬರೆದಿದ್ದ ಎಂಟು ಅಂಕಿಗಳ ಮೇಲೆ ಒಂದು ಅಡ್ಡಗೆರೆ ಇತ್ತು. ಇವಳು ಪುಟ ತಿರುಗಿಸಿದಳು. ಮುಂದಿನ ಪುಟದಲ್ಲಿ ಅದೇ ಲೆಕ್ಕ ಹೊಸದಾಗಿ, ಅದರ ತಲೆಯ ಮೇಲೆ ಒಂದು ಸಾಲು: "ಎಂಟೂ ಬಾಯಿ ಏಕಕಾಲಕ್ಕೆ ತೆರೆದಿರುವುದಿಲ್ಲ, ಆರು ಮಾತ್ರ ಎಂದು ಹಿಡಿಯಲಾಗಿದೆ." ಅವಳು ಆ ಸಾಲನ್ನು ಗಟ್ಟಿಯಾಗಿ ಓದಿದಳು. ಓದುತ್ತಾ ಓದುತ್ತಾ ದನಿ ಸಣ್ಣಗಾಯಿತು. ಕೊನೆಯ ಎರಡು ಪದ ತುಟಿಯಲ್ಲೇ ಉಳಿದವು. "ಇದು ಅಣ್ಣನ ಅಕ್ಷರ" ಎಂದಳು. ಅದು ನಿನ್ನ ಅಕ್ಷರವೆಂದು ನನಗೆ ಗೊತ್ತಿಲ್ಲವೇ? ಆದರೂ ಅವಳಿಗೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕಾಯಿತು. ಪುಸ್ತಕವನ್ನು ಮಂಚದ ಮೇಲಿಟ್ಟು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಕೊಡ ತುಂಬಿ ಹೊರಗೆ ಚೆಲ್ಲುವ ಸದ್ದು ಕೇಳಿಸುತ್ತಲೇ ಇತ್ತು. ಯಾರೂ ನಲ್ಲಿ ನಿಲ್ಲಿಸಲಿಲ್ಲ.

ಪುಟದ ಮೂಲೆಯಲ್ಲಿ ನೀನು ಹಾಕಿದ್ದ ತಾರೀಖು ನೋಡಿದೆ. ಅದಾದ ನಾಲ್ಕನೆಯ ದಿನ ನೀನು ನಮ್ಮ ಮನೆಗೆ ಊಟಕ್ಕೆ ಬಂದಿದ್ದೆ, ಮಗಳು ಶಾಲೆಗೆ ಸೇರಿದ ದಿನವಾದ್ದರಿಂದ ನೆನಪಿದೆ. ಎಂಟನೆಯ ಮೇಜು ಕೇಳಿದ್ದೇನೆ, ಕಿಟಕಿಯ ಪಕ್ಕ, ಯಜಮಾನರು ಒಪ್ಪಿದ್ದಾರೆ ಎಂದು ನಾನು ಹಿಗ್ಗಿನಿಂದ ಹೇಳಿದೆ. ನಿನ್ನ ಕೈ ತಟ್ಟೆಯಲ್ಲೇ ನಿಂತಿತು. "ಮೂರನೇದೇ ಇರಲಿ ಬಿಡೋ. ಕೈಗೆ ರೂಢಿ ಆಗಿದೆಯಲ್ಲ" ಎಂದೆ. ನಾನು ನಕ್ಕೆ. ನಿನಗೆ ಹೊಟ್ಟೆಕಿಚ್ಚು, ನಿನ್ನ ಆಫೀಸಿನಲ್ಲಿ ಕಿಟಕಿಯಿಲ್ಲ ಎಂದೆ. ನೀನೂ ನಕ್ಕೆ. ಒಂದು ಲೋಟ ನೀರು ಕುಡಿದೆ. ಅಷ್ಟೇ.

ಆ ಊಟವನ್ನು ನಾನು ಎಷ್ಟು ಸಲ ಮತ್ತೆ ಉಂಡಿದ್ದೇನೋ ಲೆಕ್ಕವಿಲ್ಲ. ನೀನು ದುಷ್ಟ ಎಂದು ಸಾಧಿಸಲು ನೋಡಿದೆ, ಆಗಲಿಲ್ಲ. ದುಷ್ಟನಾಗಿದ್ದರೆ ಮೂರನೆಯದೇ ಇರಲಿ ಎನ್ನುತ್ತಿರಲಿಲ್ಲ. ಫ್ಯಾನು, ಪೈಪು ಎರಡನ್ನೂ ಬದಲಿಸಬೇಕು, ಮೂರು ವಾರ ಕೆಲಸ ನಿಲ್ಲಬೇಕು ಎಂದು ನೀನು ಹೇಳಿರುತ್ತೀಯ. ಆಗದು, ಹೇಗಾದರೂ ಸರಿಮಾಡಿಕೊಡಿ ಎಂದು ಯಜಮಾನರು ಕೂತಿರುತ್ತಾರೆ. ಆರು ಎಂದು ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೋ ಹೇಳಿರಬಹುದು, ಅಥವಾ ನೀನೇ ಹೇಳಿಕೊಂಡಿರಬಹುದು. ಹೇಳಿಕೊಂಡು ನಂಬಿದೆಯಾ? ಅದೊಂದು ನನಗೆ ತಿಳಿಯಬೇಕಿತ್ತು. ನಂಬಿದ್ದರೆ ಕೈ ತಟ್ಟೆಯಲ್ಲೇಕೆ ನಿಂತಿತು? ನಂಬದಿದ್ದರೆ, ಇನ್ನೊಂದು ಮಾತು ನಿನ್ನ ಗಂಟಲಿನಿಂದ ಏಕೆ ಬರಲಿಲ್ಲ? ಎದುರಿಗೆ ನಿನ್ನ ತಂಗಿ ಬಡಿಸುತ್ತಿದ್ದಳಲ್ಲೋ. "ಅಲ್ಲಿ ಗಾಳಿ ಎಳೆಯಲ್ಲ" ಎನ್ನಲು ಎಷ್ಟು ಉಸಿರು ಬೇಕು? ನನಗೆ ಈಗ ಉಸಿರಿನ ಬೆಲೆ ಚೆನ್ನಾಗಿ ಗೊತ್ತು, ಅಷ್ಟಕ್ಕೆ ತುಂಬ ಕಡಿಮೆ ಸಾಕು.

ಆ ಪುಸ್ತಕವನ್ನು ಸುಟ್ಟುಹಾಕೋಣ ಎಂದು ನಾನೇ ಹೇಳಿದೆ. ನಾನು ಹೇಗೂ ಹೋಗುವವನು. ಆಮೇಲೆ ಇವಳಿಗೆ ತವರು ಎಂದು ಇರುವವನು ನೀನೊಬ್ಬನೇ. ಅದನ್ನು ಕಳೆದು ಹೋಗಲು ನನಗೆ ಮನಸ್ಸಿರಲಿಲ್ಲ. ಬುಧವಾರ ಆಫೀಸಿಗೆಂದು ಹೋದವಳು ಮಧ್ಯಾಹ್ನವೇ ಬಂದಳು. ಚಪ್ಪಲಿ ಬಿಟ್ಟು, ನೆಲ ಒರೆಸಿ, ನನ್ನ ದಿಂಬು ಸರಿಮಾಡಿ, ಆಮೇಲೆ ಹೇಳಿದಳು: "ಪುಸ್ತಕ ಮೇಡಂಗೆ ಕೊಟ್ಟು ಬಂದೆ. ನಮ್ಮ ಲೆಕ್ಕದ ಹಾಳೆಗಳನ್ನೂ ಕೊಟ್ಟೆ." ನಿನ್ನ ಅಣ್ಣ ಕಣೇ ಎಂದೆ. "ಗೊತ್ತು" ಎಂದಳು. ಅದೊಂದು ಪದ ಹೇಳುವಾಗ ಅವಳ ಮುಖ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ.

ಮೇಡಂ ಎರಡನ್ನೂ ನೋಡಿದರಂತೆ. ನನ್ನ ಹಾಳೆ ನೋಡಿ, ಇದನ್ನು ಮಾಡಿದವರು ಯಾವ ಕಾಲೇಜು ಎಂದು ಕೇಳಿದರಂತೆ. ಇವಳು, ಎಂಟನೇ ಮೇಜು ಎಂದು ಹೇಳಿ ಬಂದಿದ್ದಾಳೆ.

ಇಷ್ಟಾದ ಮೇಲೆ ಏನಾದರೂ ಒಳ್ಳೆಯದಾಗಬೇಕಿತ್ತು, ಅಲ್ಲವೇ? ಕಾರ್ಖಾನೆ ಮುಚ್ಚಿದೆ, ವಿಚಾರಣೆ ಮುಂದಿನ ವರ್ಷಕ್ಕೆ ಹೋಗಿದೆ ಎಂದು ತಿಳಿಯಿತು. ಹೋದ ವಾರ ಇವಳು ಪಾರ್ಸೆಲ್ ವಿಳಾಸವೊಂದು ಸಿಗದೆ ಮಾರುಕಟ್ಟೆಯ ಹಿಂದಿನ ಬೀದಿಗೆ ಹೋಗಿದ್ದಳು. ಅಲ್ಲಿ ಹೊಸ ಬೋರ್ಡು, ಹೊಸ ಹೆಸರು, ಒಳಗೆ ಅದೇ ಕಲ್ಲು ಉಜ್ಜುವ ಸದ್ದು. ಬಾಗಿಲಿನಲ್ಲಿ ನಿಂತು ಮೇಲೆ ನೋಡಿದ್ದಾಳೆ. ಅದೇ ಪೈಪು, ಗೆಳೆಯಾ. ನಾಲ್ಕನೆಯ ಜೋಡಣೆಯ ಹತ್ತಿರ ಹಸಿರು ಬಣ್ಣ ಬಳಿದಿತ್ತಲ್ಲ, ಆ ಹಸಿರು ಹಾಗೇ ಇದೆಯಂತೆ. ಬಾಯಿ ಎಣಿಸಿದಳು, ಹತ್ತು. ಹತ್ತನೆಯ ಮೇಜಿನಲ್ಲಿ ಒಬ್ಬ ಹೆಂಗಸು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಚು ಉಜ್ಜುತ್ತಿದ್ದಳಂತೆ. ಹುಬ್ಬು ಬೆಳ್ಳಗಿತ್ತಂತೆ.

ಇವಳು ನೇರ ಮೇಡಂ ಹತ್ತಿರ ಓಡಿದಳು. ಅವರೂ ಕೈಚೆಲ್ಲಿದರು. ಹೊಸ ಹೆಸರಿನ ಅರ್ಜಿಗೂ ನೀನು ಸಹಿ ಮಾಡಿದ ಅದೇ ಹಳೆಯ ಲೆಕ್ಕವನ್ನು ಲಗತ್ತಿಸಿದ್ದಾರೆ, ಬಾಯಿ ಹತ್ತಿದ್ದರೂ ಏಕಕಾಲಕ್ಕೆ ತೆರೆಯುವುದು ಆರೇ ಎನ್ನುತ್ತಾರೆ, ಕಾಗದದ ಮಟ್ಟಿಗೆ ಎಲ್ಲ ಸರಿಯಾಗಿದೆ. ವಿಚಾರಣೆ ಮುಗಿದು ತೀರ್ಪಾಗಲು ವರ್ಷಗಟ್ಟಲೆ. "ಆದರೆ ಸಹಿ ಹಾಕಿದವರೇ ಬಂದು, ಈ ಲೆಕ್ಕ ತಪ್ಪು, ನನ್ನ ಸಹಿ ವಾಪಸ್ ತಗೋತೀನಿ ಅಂತ ಬರೆದುಕೊಟ್ಟರೆ, ಆ ದಿನವೇ ಬೀಗ ಹಾಕಿಸ್ತೀನಿ" ಎಂದರಂತೆ.

ಅದಕ್ಕಾಗಿ ಈ ಪತ್ರ. ಕ್ಷಮೆ ಕೇಳು ಎನ್ನಲು ಬರೆದದ್ದಲ್ಲ. ಕ್ಷಮಿಸುವಷ್ಟು ತ್ರಾಣವೂ ನನ್ನಲ್ಲಿ ಉಳಿದಿಲ್ಲ. ಬಂದು ಆ ಎರಡು ಸಾಲು ಬರೆದುಕೊಡು. ನಿನ್ನ ಕೆಲಸ ಹೋಗಬಹುದು, ಮೊಕದ್ದಮೆ ಆಗಬಹುದು. ಹಾಗಾಗುವುದಿಲ್ಲ ಎಂದು ಸುಳ್ಳು ಹೇಳಿ ನಿನ್ನನ್ನು ಕರೆಸಲಾರೆ.

ನೀನು ಬರುತ್ತೀಯ ಎಂಬ ನಂಬಿಕೆ ನನಗಿಲ್ಲ, ನಿಜ ಹೇಳುತ್ತೇನೆ. ಒಂದೂವರೆ ವರ್ಷ ಫೋನಿನಲ್ಲಿ ನಾಲ್ಕು ಮಾತಾಡದವನು ಆರು ಹಾಳೆ ಓದುತ್ತಾನೆಯೇ ಎಂಬುದೇ ಅನುಮಾನ. ನೀನು ಬಂದರೂ ನನ್ನನ್ನು ನೋಡುತ್ತೀಯೋ ಇಲ್ಲವೋ. ಹೋದ ತಿಂಗಳಿಗಿಂತ ಈ ತಿಂಗಳು ಅಜ್ಜನ ಗುಂಡಿಯನ್ನು ಎರಡು ಗೀಟು ಮುಂದಕ್ಕೆ ತಿರುಗಿಸಿದ್ದಾರೆ. ಮುಂದೆ ತಿರುಗಿಸಲು ಇನ್ನೊಂದೇ ಗೀಟು ಇದೆ. ನಾನು ಎಣಿಸಿ ನೋಡಿದ್ದೇನೆ. ಬೇಡ ಬೇಡವೆಂದರೂ ಈಗ ಎಲ್ಲವನ್ನೂ ಎಣಿಸುವ ಚಟ ಹತ್ತಿದೆ.

ಕೊನೆಯಲ್ಲಿ ನಿನ್ನ ತಂಗಿಯನ್ನು ಕೇಳಿದೆ, ನೀನೂ ಒಂದು ಸಾಲು ಸೇರಿಸುತ್ತೀಯಾ ಎಂದು. ಪೆನ್ನು ತೆಗೆದುಕೊಂಡಳು. ಹಾಳೆಯನ್ನು ಮುಟ್ಟಲಿಲ್ಲ. ಪೆನ್ನು ನನ್ನ ಕೈಗೇ ಕೊಟ್ಟು, "ಬಂದರೆ ಬಾಗಿಲು ತೆಗೀತೀನಿ ಅಂತ ಬರೀರಿ. ಒಳಗೆ ಬಾ ಅಂತ ಕರೀತೀನಾ, ಅದು ನನಗೂ ಗೊತ್ತಿಲ್ಲ" ಎಂದಳು.

ಹೇಳಿದ ಹಾಗೆಯೇ ಬರೆದಿದ್ದೇನೆ.

ನಿನಗೆ ನಿದ್ದೆ ಬರಲಿ, ಉಂಡದ್ದು ಮೈಗೆ ಹತ್ತಲಿ, ಎಷ್ಟು ಮೆಟ್ಟಿಲು ಹತ್ತಿದರೂ ಉಸಿರು ಕೈಕೊಡದಿರಲಿ. ಇಷ್ಟನ್ನು ಹಾರೈಸಲು ನನಗೆ ಇನ್ನೂ ಮನಸ್ಸಿದೆ ಎಂಬುದೇ ನನಗೆ ಆಶ್ಚರ್ಯ. ಇನ್ನು ಬರೆಯಲಾರೆ. ಹೋಗಿಬರುತ್ತೇನೆ ಎಂದು ಹೇಳುವ ರೂಢಿ, ಆದರೆ ಬರುವ ಮಾತು ಸುಳ್ಳಾಗುತ್ತದೆ. ಹೋಗುತ್ತೇನೆ.

ನಿನ್ನ ತಂಗಿಯ ಗಂಡ